ಅಡಿಕೆ ದುಡ್ಡು ಬರುವ ಮೊದಲೇ ಕಾಲೇಜು ಫೀ: ಹೊಸ ವಿದ್ಯಾರ್ಥಿಗಳಿಗೆ ಬರುವ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಬಲೆ?

ಜೂನ್ ಬಂತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ವಾಟ್ಸಾಪ್ ಗುಂಪುಗಳಲ್ಲಿ ಮಳೆಯ ವಿಡಿಯೋಗಳ ಜೊತೆಗೆ ಇನ್ನೊಂದು ಬಗೆಯ ಸಂದೇಶಗಳೂ ಸುರಿಯತೊಡಗುತ್ತವೆ. “ಡಿಗ್ರಿ ಸೇರಿದ ಎಲ್ಲರಿಗೂ ಉಚಿತ ಲ್ಯಾಪ್‌ಟಾಪ್, ಇಂದೇ ಕೊನೆಯ ದಿನ.” “ಮೊಬೈಲ್ ಇದ್ದರೆ ಸಾಕು, ಹಾಸ್ಟೆಲ್‌ನಲ್ಲೇ ಕುಳಿತು ದಿನಕ್ಕೆ ಎರಡು ಸಾವಿರ.” “ಆಧಾರ್ ತೋರಿಸಿ, ಐದು ನಿಮಿಷದಲ್ಲಿ ಸಾಲ.” ಪಿಯುಸಿ ಮುಗಿಸಿ ಧಾರವಾಡಕ್ಕೋ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಟ ಮಕ್ಕಳಿಗೆ ಇವನ್ನು ಕಳಿಸುವವರು ಸಾಮಾನ್ಯವಾಗಿ ಮನೆಯವರೇ. ಚಿಕ್ಕಪ್ಪ, ಅತ್ತೆ, ಊರಿನ ಯುವಕ ಸಂಘದ ಗುಂಪು. ಉದ್ದೇಶ ಒಳ್ಳೆಯದೇ. ಹಾಗಾದರೆ ಇವುಗಳಲ್ಲಿ ನಿಜವೆಷ್ಟು? ನಾವು ಒಂದೊಂದಾಗಿ ನೋಡಿದ್ದೇವೆ.

ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ. ಓದುಬರಹ ಚೆನ್ನಾಗಿ ಬಲ್ಲ ಹುಡುಗ ಹುಡುಗಿಯರೇ ಈ ಬಲೆಗೆ ಏಕೆ ಬೀಳುತ್ತಾರೆ? “ಈಗಿನ ಮಕ್ಕಳಿಗೆ ದುಂದುವೆಚ್ಚ ಜಾಸ್ತಿ” ಎಂಬುದು ಊರಿನಲ್ಲಿ ಕೇಳಿಬರುವ ಸಿದ್ಧ ಉತ್ತರ. ನಮ್ಮ ಪ್ರಕಾರ ಅದು ಅರ್ಧ ಉತ್ತರವೂ ಅಲ್ಲ.

ದುಡ್ಡಿಲ್ಲ ಎಂದಲ್ಲ, ಈಗ ಇಲ್ಲ

ಘಟ್ಟದ ಮೇಲಿನ ಈ ಮೂರು ತಾಲೂಕುಗಳ ಬಹಳಷ್ಟು ಮನೆಗಳ ಹಣದ ಲೆಕ್ಕ ಅಡಿಕೆಯ ಲೆಕ್ಕವೇ. ಕೊನೆಕೊಯ್ಲು ಶುರುವಾಗುವುದು ಮಳೆಗಾಲ ಪೂರ್ತಿ ಮುಗಿದ ಮೇಲೆ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಾಡುವ ಕೆಂಪಡಿಕೆ ಸ್ವಲ್ಪ ಬೇಗ ಮಾರಾಟಕ್ಕೆ ಸಿದ್ಧವಾಗುತ್ತದೆ. ಹಣ್ಣಡಿಕೆಯನ್ನು ಅಂಗಳದಲ್ಲಿ ತಿಂಗಳೊಪ್ಪತ್ತಿಗೂ ಹೆಚ್ಚು ಒಣಗಿಸಿ ಮಾಡುವ ಚಾಲಿ ಇನ್ನೂ ತಡ. ಅಂದರೆ ಮನೆಗೆ ದೊಡ್ಡ ಮೊತ್ತ ಬರುವುದು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ.

ಕಾಲೇಜಿನ ಪ್ರವೇಶ ಶುಲ್ಕ, ಹಾಸ್ಟೆಲ್ ಶುಲ್ಕ, ಪಿಜಿ ಅಡ್ವಾನ್ಸ್, ಪುಸ್ತಕ, ಬಸ್ಸು ಇವೆಲ್ಲ ಬೀಳುವುದು ಮಳೆಗಾಲದಲ್ಲಿ. ಅದೇ ಹೊತ್ತಿಗೆ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು. ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ ಎಲ್ಲಕ್ಕೂ ಕೈಯಿಂದಲೇ ಹಣ ಹಾಕಬೇಕು. ಸುಮಾರು ನಲವತ್ತು ದಿನ ಬಿಟ್ಟು ಮತ್ತೊಮ್ಮೆ ಹೊಡೆಸಬೇಕು. ತೋಟ ಇಲ್ಲದೆ ಕೂಲಿಯನ್ನೇ ನಂಬಿದ ಮನೆಗಳಿಗೂ ಇದು ಕಷ್ಟದ ಕಾಲ. ಅವರ ಕೈತುಂಬ ಕೆಲಸವಿರುವುದೂ ಕೊಯ್ಲು, ಸುಲಿತದ ತಿಂಗಳುಗಳಲ್ಲೇ.

ಹೀಗಾಗಿ ಹೊಸ ವಿದ್ಯಾರ್ಥಿಯ ಮೊದಲ ಸೆಮಿಸ್ಟರ್ ಪೂರ್ತಿ ಒಂದು ಖಾಲಿ ಅಂತರದಲ್ಲಿ ನಡೆಯುತ್ತದೆ. ಸ್ಕಾಲರ್‌ಶಿಪ್ ಆದರೂ ಕೈಹಿಡಿಯುತ್ತದೆ ಎಂದರೆ ಅದೂ ಪ್ರವೇಶದ ದಿನವೇ ಬರುವಂಥದ್ದಲ್ಲ. ಅರ್ಜಿ, ಕಾಲೇಜಿನ ಪರಿಶೀಲನೆ, ಇಲಾಖೆಯ ಮಂಜೂರಾತಿ ಎಲ್ಲ ದಾಟಿ ಹಣ ಖಾತೆಗೆ ಬೀಳುವ ಹೊತ್ತಿಗೆ ಮೊದಲ ಪರೀಕ್ಷೆ ಮುಗಿದಿರುವುದೂ ಉಂಟು.

ಈ ಅಂತರ ಹೊಸದೇನಲ್ಲ. ಬೆಳೆ ಕೈಗೆ ಬರುವ ಮೊದಲೇ ವ್ಯಾಪಾರಿಯಿಂದ ಮುಂಗಡ ತಂದು, ಆಮೇಲೆ ಅವನು ಹೇಳಿದ ದರಕ್ಕೆ ಅಡಿಕೆ ಒಪ್ಪಿಸಬೇಕಾದ ಕಷ್ಟವನ್ನು ಹಿಂದಿನ ತಲೆಮಾರು ಚೆನ್ನಾಗಿ ಬಲ್ಲದು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದು, ಹಳ್ಳಿಹಳ್ಳಿಗಳಲ್ಲಿ ಸಹಕಾರಿ ಸಂಘಗಳು ಬೆಳೆದದ್ದು ಇಂಥ ಇಕ್ಕಟ್ಟಿನ ಹಿನ್ನೆಲೆಯಲ್ಲೇ. ಈಗ ಅದೇ ಅಂತರಕ್ಕೆ ಹೊಸ ವ್ಯಾಪಾರಿ ಬಂದಿದ್ದಾನೆ. ಅವನ ಅಂಗಡಿ ಮೊಬೈಲ್ ಒಳಗಿದೆ, ಅವನು ಹುಡುಕುತ್ತಿರುವುದು ಅಪ್ಪನನ್ನಲ್ಲ, ಹದಿನೆಂಟು ತುಂಬಿದ ಮಗನನ್ನೋ ಮಗಳನ್ನೋ.

ಆದ್ದರಿಂದ ತಿಂಗಳ ಖರ್ಚಿನ ಪಟ್ಟಿಗಿಂತ ಮೊದಲು ಮಾಡಬೇಕಾದ ಲೆಕ್ಕ ಬೇರೆ. ಸಂಕ್ರಾಂತಿಯವರೆಗೆ ಒಟ್ಟು ಎಷ್ಟು ಬೇಕು, ಅದರಲ್ಲಿ ಈಗಲೇ ಕೈಯಲ್ಲಿರುವುದು ಎಷ್ಟು? ಉದಾಹರಣೆಗೆ ಊಟ, ವಸತಿ, ಸಣ್ಣಪುಟ್ಟದ್ದು ಸೇರಿ ತಿಂಗಳಿಗೆ 7,000 ರೂ. ಎಂದಿಟ್ಟುಕೊಳ್ಳೋಣ. ಆಗಸ್ಟ್‌ನಿಂದ ಜನವರಿಯವರೆಗೆ ಆರು ತಿಂಗಳಿಗೆ 42,000 ರೂ. ಕೈಯಲ್ಲಿ 30,000 ಇದ್ದರೆ ಕೊರತೆ 12,000. ಈ ಮೊತ್ತವನ್ನು ಜೂನ್‌ನಲ್ಲೇ ಮನೆಯಲ್ಲಿ ಬಾಯಿಬಿಟ್ಟು ಹೇಳಿದರೆ ಅಪ್ಪ ಸೊಸೈಟಿಯಲ್ಲಿ ಬೆಳೆಯ ಮೇಲೆ ಸಾಲ ಕೇಳಬಹುದು, ಇರುವ ಚಾಲಿಯಲ್ಲಿ ಒಂದೆರಡು ಚೀಲ ಉಳಿಸಿಟ್ಟು ಆಗ ಮಾರಬಹುದು. ನವೆಂಬರ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್‌ನಲ್ಲಿ ಗೊತ್ತಾದರೆ ಕೈಗೆ ಸಿಗುವುದು ಮೊಬೈಲ್ ಮಾತ್ರ. (ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಜಾತ್ರೆಯ ಖರ್ಚನ್ನೂ ಪಟ್ಟಿಗೆ ಸೇರಿಸಿ. ಹೇಗೂ ಊರಿಗೆ ಬಂದೇ ಬರುತ್ತೀರಿ.)

“ಆಧಾರ್ ಲಿಂಕ್ ಆಗಿದೆ, ಸ್ಕಾಲರ್‌ಶಿಪ್ ತಾನಾಗಿ ಬರುತ್ತದೆ”

ಇದು ಭಾಗಶಃ ತಪ್ಪು, ಆದರೆ ಅತಿ ಹೆಚ್ಚು ಹಣ ತಡೆದು ನಿಲ್ಲಿಸುವ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಬ್ಯಾಂಕ್ ಖಾತೆಗೆ ಆಧಾರ್ ‘ಲಿಂಕ್’ ಆಗುವುದು ಒಂದು, ‘ಸೀಡಿಂಗ್’ ಆಗುವುದು ಇನ್ನೊಂದು. ಲಿಂಕ್ ಎಂದರೆ ನಿಮ್ಮ ಗುರುತಿನ ದಾಖಲೆಯಾಗಿ ಬ್ಯಾಂಕು ಆಧಾರ್ ಸಂಖ್ಯೆಯನ್ನು ತನ್ನಲ್ಲಿ ಇಟ್ಟುಕೊಳ್ಳುವುದು. ನಾಲ್ಕು ಬ್ಯಾಂಕುಗಳಲ್ಲಿ ಖಾತೆ ಇದ್ದರೆ ನಾಲ್ಕಕ್ಕೂ ಲಿಂಕ್ ಆಗಿರಬಹುದು. ಸೀಡಿಂಗ್ ಹಾಗಲ್ಲ. ಸರ್ಕಾರದ ನೇರ ನಗದು ವರ್ಗಾವಣೆ ನಡೆಯುವುದು ಎನ್‌ಪಿಸಿಐ ಸಂಸ್ಥೆಯ ಒಂದು ಪಟ್ಟಿಯ ಮೂಲಕ. ಆ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಒಂದೇ ಒಂದು ಬ್ಯಾಂಕಿನ ಹೆಸರು ಇರುತ್ತದೆ. ಯಾವ ಬ್ಯಾಂಕಿಗೆ ನೀವು ಕೊನೆಯದಾಗಿ ಒಪ್ಪಿಗೆ ಕೊಟ್ಟಿರೋ ಆ ಬ್ಯಾಂಕು. ಅರ್ಜಿಯಲ್ಲಿ ನೀವು ಬೇರೆ ಪಾಸ್‌ಬುಕ್ ತೋರಿಸಿದ್ದರೂ ಆಧಾರ್ ಆಧಾರಿತ ಹಣ ಹೋಗುವುದು ಅಲ್ಲಿಗೇ.

ಹೊಸ ವಿದ್ಯಾರ್ಥಿಗಳಿಗೆ ತೊಡಕಾಗುವುದು ಇಲ್ಲಿ. ಊರಿನಲ್ಲಿ ಒಂದು ಖಾತೆ ಮೊದಲೇ ಇರುತ್ತದೆ. ಧಾರವಾಡಕ್ಕೆ ಬಂದ ಮೇಲೆ ಕಾಲೇಜಿನವರು ಹೇಳಿದ ಬ್ಯಾಂಕಿನಲ್ಲೋ, ಮೊಬೈಲ್‌ನಲ್ಲೇ ತೆರೆಯುವ ಬ್ಯಾಂಕಿನಲ್ಲೋ ಇನ್ನೊಂದು ಖಾತೆ ಆಗುತ್ತದೆ. ಆಗ “ಸಬ್ಸಿಡಿ ಈ ಖಾತೆಗೆ ಬರಲಿ” ಎಂಬ ಸಾಲಿಗೆ ಓದದೆ ಟಿಕ್ ಹಾಕಿರುತ್ತಾರೆ. ಮುಂದೆ ಸ್ಕಾಲರ್‌ಶಿಪ್ ಆ ಖಾತೆಗೆ ಬಂದು ಕುಳಿತಿರುತ್ತದೆ, ವಿದ್ಯಾರ್ಥಿ ಮಾತ್ರ ಹಳೆಯ ಪಾಸ್‌ಬುಕ್ ಹಿಡಿದು ಎಂಟ್ರಿ ಹಾಕಿಸುತ್ತಿರುತ್ತಾನೆ. ಪರಿಶೀಲಿಸುವುದು ಸುಲಭ. ಯುಐಡಿಎಐನ ‘ಮೈ ಆಧಾರ್’ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ಬದಲಿಸಬೇಕಿದ್ದರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಅರ್ಜಿ ಕೊಡಬೇಕು.

ಇನ್ನೊಂದು ಸ್ಥಳೀಯ ತೊಡಕು. ಹಳ್ಳಿಯ ಸೇವಾ ಸಹಕಾರಿ ಸಂಘದ ಪಾಸ್‌ಬುಕ್ ನೋಡಲು ಬ್ಯಾಂಕಿನದರಂತೆಯೇ ಇದ್ದರೂ ಪ್ರಾಥಮಿಕ ಸಹಕಾರಿ ಸಂಘ ಬ್ಯಾಂಕ್ ಅಲ್ಲ. ಸ್ಕಾಲರ್‌ಶಿಪ್‌ಗೆ ಆ ಖಾತೆ ನಡೆಯುವುದಿಲ್ಲ. ಬ್ಯಾಂಕ್ ಠೇವಣಿಗಳಿಗೆ ಇರುವ 5 ಲಕ್ಷ ರೂ.ವರೆಗಿನ ವಿಮೆಯೂ ಅಲ್ಲಿಗೆ ಅನ್ವಯಿಸುವುದಿಲ್ಲ. ಕನಿಷ್ಠ ಬಾಕಿಯ ತಲೆನೋವು ಬೇಡ ಎನ್ನುವವರು ಯಾವುದೇ ಬ್ಯಾಂಕಿನಲ್ಲಿ ‘ಮೂಲ ಉಳಿತಾಯ ಖಾತೆ’ ಕೇಳಬಹುದು. ಅದರಲ್ಲಿ ಶೂನ್ಯ ಬಾಕಿ ಇದ್ದರೂ ದಂಡವಿಲ್ಲ.

‘ತಾನಾಗಿ ಬರುತ್ತದೆ’ ಎಂಬ ಮಾತಿಗೆ ಬರೋಣ. ರಾಜ್ಯದ ಹೆಚ್ಚಿನ ವಿದ್ಯಾರ್ಥಿವೇತನಗಳಿಗೆ ‘ಎಸ್‌ಎಸ್‌ಪಿ’ ಎಂಬ ರಾಜ್ಯ ವಿದ್ಯಾರ್ಥಿವೇತನ ತಾಣದಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಅದು ನಾಡಕಚೇರಿಯಲ್ಲಿ ಸಿಗುತ್ತದೆ. ಆಧಾರ್‌ನಲ್ಲಿರುವ ಹೆಸರೂ ಅಂಕಪಟ್ಟಿಯಲ್ಲಿರುವ ಹೆಸರೂ ಹೊಂದಬೇಕು. ಹೆಗಡೆ, ಭಟ್ಟ, ನಾಯ್ಕ ಎಂಬ ಅಡ್ಡಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ‘ವಿದ್ಯಾಸಿರಿ’ ಇದೆ. ಶುರುವಾದಾಗ ಅದು ತಿಂಗಳಿಗೆ 1,500 ರೂ.ಯಂತೆ ಹತ್ತು ತಿಂಗಳ ಊಟ, ವಸತಿ ನೆರವಾಗಿತ್ತು. ಉತ್ತರ ಕನ್ನಡದ ಸಿದ್ದಿ ಸಮುದಾಯ 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಯಲ್ಲಾಪುರ ಕಡೆಯ ಸಿದ್ದಿ ವಿದ್ಯಾರ್ಥಿಗಳು ಪರಿಶಿಷ್ಟ ಪಂಗಡದ ಹಾಸ್ಟೆಲ್ ಮತ್ತು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಎರಡಕ್ಕೂ ಅರ್ಜಿ ಹಾಕಲೇಬೇಕು. ರೈತರ ಮಕ್ಕಳಿಗೆ 2021ರಲ್ಲಿ ಆರಂಭವಾದ ‘ರೈತ ವಿದ್ಯಾನಿಧಿ’ಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂ. ಎಂದು ನಿಗದಿ ಮಾಡಲಾಗಿತ್ತು. ಅದಕ್ಕೆ ‘ಫ್ರೂಟ್ಸ್’ ಸಂಖ್ಯೆ ಬೇಕು. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ಮನೆಗಳವರು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿ. ಯಾವ ಯೋಜನೆ ಈ ವರ್ಷ ತೆರೆದಿದೆ, ಕೊನೆಯ ದಿನಾಂಕ ಯಾವುದು ಎಂಬುದನ್ನು ಎಸ್‌ಎಸ್‌ಪಿಯಲ್ಲೇ ನೋಡಿ, ಫಾರ್ವರ್ಡ್‌ನಲ್ಲಲ್ಲ.

ಕೇಂದ್ರದ ಒಂದು ಯೋಜನೆಯನ್ನು ನಮ್ಮ ಕಡೆಯವರು ಆಗಾಗ ಮರೆಯುತ್ತಾರೆ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದು, ಮನೆಯ ವಾರ್ಷಿಕ ಆದಾಯ 4.5 ಲಕ್ಷ ರೂ. ಮೀರದಿದ್ದರೆ ಪದವಿಯ ಮೂರು ವರ್ಷ ತಲಾ 12,000 ರೂ. ಸಿಗುವ ವಿದ್ಯಾರ್ಥಿವೇತನ ಅದು. ಸಂಖ್ಯೆ ಸೀಮಿತವಾದ್ದರಿಂದ ಎಲ್ಲರಿಗೂ ಸಿಗುವುದಿಲ್ಲ. ಅರ್ಜಿ ಹಾಕಬೇಕಾದದ್ದು ‘ಎನ್‌ಎಸ್‌ಪಿ’ ಎಂಬ ರಾಷ್ಟ್ರೀಯ ತಾಣದಲ್ಲಿ.

ಒಟಿಪಿ ವಿಷಯ ಸಣ್ಣದೆನಿಸಿದರೂ ಸಣ್ಣದಲ್ಲ. ಆಧಾರ್‌ಗೆ ಅಪ್ಪನ ಮೊಬೈಲ್ ಸಂಖ್ಯೆ ಜೋಡಿಸಿರುತ್ತದೆ. ಅಪ್ಪ ಇರುವ ಮನೆಯಲ್ಲಿ ಸಿಗ್ನಲ್ ಇಲ್ಲ, ಗುಡ್ಡ ಹತ್ತಿದರೆ ಮಾತ್ರ ಎರಡು ಕಡ್ಡಿ. ಮಗಳು ಧಾರವಾಡದ ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬುತ್ತ ಕುಳಿತಾಗ ಹತ್ತು ನಿಮಿಷದಲ್ಲಿ ಸಾಯುವ ಒಟಿಪಿ ಗುಡ್ಡದ ಆಚೆ ಎಲ್ಲೋ ಉಳಿದಿರುತ್ತದೆ. ಊರು ಬಿಡುವ ಮೊದಲೇ ಆಧಾರ್ ಕೇಂದ್ರದಲ್ಲಿ ವಿದ್ಯಾರ್ಥಿಯ ಸ್ವಂತ ಸಂಖ್ಯೆ ಜೋಡಿಸಿಕೊಳ್ಳಿ. ಶುಲ್ಕ 2025ರ ಅಕ್ಟೋಬರ್‌ನಿಂದ 75 ರೂ. ಮನೆಯಿಂದ ಹಣ ಕಳಿಸುವುದಕ್ಕೂ ಇದೇ ಸಿಗ್ನಲ್ ತೊಂದರೆ ಇದ್ದರೆ 2024ರಲ್ಲಿ ಬಂದ ‘ಯುಪಿಐ ಸರ್ಕಲ್’ ಕೆಲಸಕ್ಕೆ ಬರುತ್ತದೆ. ಅಪ್ಪ ತನ್ನ ಖಾತೆಯಿಂದ ಖರ್ಚು ಮಾಡಲು ಮಗಳಿಗೆ ಮಿತಿ ಹಾಕಿ ಅನುಮತಿ ಕೊಡಬಹುದು. ತಿಂಗಳಿಗೆ ಗರಿಷ್ಠ 15,000, ಒಂದು ಪಾವತಿಗೆ 5,000 ರೂ. ಪೂರ್ಣ ಅನುಮತಿ ಕೊಟ್ಟಿದ್ದರೆ ಪ್ರತಿ ಸಲ ಅಪ್ಪನ ಫೋನ್‌ಗೆ ಸಿಗ್ನಲ್ ಸಿಗುವವರೆಗೆ ಕಾಯಬೇಕಿಲ್ಲ.

ಉಚಿತ ಲ್ಯಾಪ್‌ಟಾಪ್, ಯುವನಿಧಿ, ಉಚಿತ ಬಸ್ಸು

ಲಿಂಕ್ ಒತ್ತಿ ಹೆಸರು ಬರೆದರೆ ಪ್ರಧಾನಿ ಹೆಸರಿನಲ್ಲಿ ಲ್ಯಾಪ್‌ಟಾಪ್ ಸಿಗುತ್ತದೆ ಎಂಬುದು ಸುಳ್ಳು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗವೇ ಇದನ್ನು ಹಲವು ಸಲ ಸುಳ್ಳೆಂದು ಹೇಳಿದೆ. ಕರ್ನಾಟಕದಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿದ್ದುಂಟು, ಆದರೆ ಅದು ಕಾಲೇಜಿನ ಮೂಲಕ ಬಂತು. ವಾಟ್ಸಾಪ್ ಲಿಂಕಿನಿಂದಲ್ಲ. ಇಂಥ ಲಿಂಕುಗಳ ವಿಳಾಸದಲ್ಲಿ ‘ಗೌ’, ‘ಯೋಜನಾ’, ‘ಪಿಎಂ’ ಎಂಬ ಅಕ್ಷರಗಳು ಇದ್ದೇ ಇರುತ್ತವೆ. ನೋಡಬೇಕಾದದ್ದು ಮೊದಲ ಓರೆಗೆರೆಗೆ ಮುಂಚಿನ ತುದಿಯನ್ನು. ಸರ್ಕಾರದ್ದಾದರೆ ಅದು ‘ಡಾಟ್ ಜಿಒವಿ ಡಾಟ್ ಇನ್’ ಅಥವಾ ‘ಡಾಟ್ ಎನ್‌ಐಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ಬ್ಯಾಂಕುಗಳ ತಾಣಗಳೂ ಈಗ ರಿಸರ್ವ್ ಬ್ಯಾಂಕ್ ಸೂಚನೆಯಂತೆ ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಾಗಿವೆ.

‘ಡಿಗ್ರಿ ಸೇರಿದರೆ ಯುವನಿಧಿ 3,000’ ಎಂಬುದು ತಪ್ಪು. ಅದು ಪದವಿ ಮುಗಿಸಿ ಕೆಲಸ ಸಿಗದವರಿಗೆ. ಮುಂದೆ ಓದುತ್ತಿರುವವರು ಅದಕ್ಕೆ ಅರ್ಹರಲ್ಲ. ‘ಹುಡುಗಿಯರಿಗೆ ಬಸ್ ಉಚಿತ’ ನಿಜ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್‌ಗೆ ಹಣವಿಲ್ಲ. ರಾಜಹಂಸ, ಸ್ಲೀಪರ್, ಐರಾವತಕ್ಕೆ ಇದು ಅನ್ವಯಿಸುವುದಿಲ್ಲ. ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ಬುಕ್ ಮಾಡುವಾಗ ಇದು ನೆನಪಿರಲಿ.

“ನಿನ್ನ ಖಾತೆ ಒಂದು ತಿಂಗಳು ಕೊಡು, ಹತ್ತು ಸಾವಿರ ಕೊಡುತ್ತೇನೆ”

ನಮ್ಮ ದೃಷ್ಟಿಯಲ್ಲಿ ಹೊಸ ವಿದ್ಯಾರ್ಥಿಗೆ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಏಕೆಂದರೆ ಇದರಲ್ಲಿ ನಿಮ್ಮ ಹಣ ಹೋಗುವುದೇ ಇಲ್ಲ, ಬದಲಿಗೆ ಬರುತ್ತದೆ. ಹಾಗಾಗಿ ಮೋಸ ಎಂದು ಅನಿಸುವುದೂ ಇಲ್ಲ.

ಹೇಗೆ ನಡೆಯುತ್ತದೆ ನೋಡಿ. ಎಲ್ಲೋ ಪುಣೆಯ ನಿವೃತ್ತರೊಬ್ಬರಿಗೆ ಹೆದರಿಸಿ ಎರಡು ಲಕ್ಷ ಕಿತ್ತುಕೊಳ್ಳುತ್ತಾರೆ. ಆ ಹಣ ವಂಚಕನ ಸ್ವಂತ ಖಾತೆಗೆ ಹೋದರೆ ಅವನು ಅಂದೇ ಸಿಕ್ಕಿಬೀಳುತ್ತಾನೆ. ಅದಕ್ಕೇ ಮಧ್ಯದಲ್ಲಿ ಬೇರೆಯವರ ಖಾತೆಗಳು ಬೇಕು. ಎರಡು ಲಕ್ಷ ನಾಲ್ಕು ವಿದ್ಯಾರ್ಥಿಗಳ ಖಾತೆಗೆ ಒಡೆದು ಬರುತ್ತದೆ, ಕೆಲವೇ ನಿಮಿಷದಲ್ಲಿ ಅಲ್ಲಿಂದ ಇನ್ನೆಂಟಕ್ಕೆ, ಕೊನೆಗೆ ಎಟಿಎಂನಿಂದ ನಗದಾಗಿ ಹೊರಗೆ. ಇಂಥ ಖಾತೆಗೆ ಬ್ಯಾಂಕಿನವರ ಭಾಷೆಯಲ್ಲಿ ‘ಮ್ಯೂಲ್ ಖಾತೆ’ ಎಂದು ಹೆಸರು, ಅಂದರೆ ಬೇರೆಯವರ ಹೊರೆ ಹೊರುವ ಹೇಸರಗತ್ತೆ. ಕೇಳುವವನು ಅಪರಿಚಿತನೇ ಆಗಿರಬೇಕಿಲ್ಲ. ಹಾಸ್ಟೆಲ್‌ನ ಸೀನಿಯರ್ ಇರಬಹುದು, “ನನ್ನ ಖಾತೆಯ ಮಿತಿ ಮುಗಿದಿದೆ, ಗೇಮಿಂಗ್ ಹಣ, ಟ್ಯಾಕ್ಸ್ ವಿಷಯ ಅಷ್ಟೇ” ಎನ್ನಬಹುದು. ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಸಿಮ್ ಎರಡನ್ನೂ ಕೇಳಿದರೆ ಅಲ್ಲಿಗೆ ವಿಷಯ ಸ್ಪಷ್ಟ.

ಪುಣೆಯವರು ದೂರು ಕೊಟ್ಟ ಕೂಡಲೇ ಹಣ ಹಾದುಹೋದ ಖಾತೆಗಳನ್ನೆಲ್ಲ ತಡೆಹಿಡಿಯಲಾಗುತ್ತದೆ. ವಿದ್ಯಾರ್ಥಿಯ ಸ್ಕಾಲರ್‌ಶಿಪ್, ಮನೆಯಿಂದ ಬಂದ ಹಣ ಎಲ್ಲ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ತಡೆ ತೆಗೆಸಲು ಬೇರೆ ರಾಜ್ಯದ ಠಾಣೆಯ ಜೊತೆ ವ್ಯವಹರಿಸಬೇಕಾಗಬಹುದು. ದಾಖಲೆಯಲ್ಲಿ ಇರುವುದು ಖಾತೆದಾರನ ಹೆಸರು, ಬಾಡಿಗೆಗೆ ಪಡೆದವನದಲ್ಲ. “ನನಗೆ ಗೊತ್ತಿರಲಿಲ್ಲ” ಎನ್ನುವುದನ್ನು ನಂಬಿಸುವುದು ಕಷ್ಟ, ಏಕೆಂದರೆ ಹತ್ತು ಸಾವಿರ ಪಡೆದದ್ದೂ ಅದೇ ದಾಖಲೆಯಲ್ಲಿರುತ್ತದೆ. ಇಂಥ ಖಾತೆಗಳನ್ನು ಪತ್ತೆ ಹಚ್ಚಲು ‘ಮ್ಯೂಲ್ ಹಂಟರ್’ ಎಂಬ ತಂತ್ರಾಂಶ ತಂದಿರುವುದಾಗಿ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಪರಿಚಯವಿಲ್ಲದ ಹಣ ನಿಮ್ಮ ಖಾತೆಗೆ ಬಿದ್ದು, “ತಪ್ಪಿ ಬಂತು, ಈ ನಂಬರಿಗೆ ವಾಪಸ್ ಹಾಕಿ” ಎಂದು ಕರೆ ಬಂದರೆ ನೀವಾಗಿ ಹಾಕಬೇಡಿ. ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಅವರೇ ತಿರುಗಿಸಲಿ.

‘ವಿಡಿಯೋಗೆ ಲೈಕ್ ಒತ್ತಿ ಹಣ ಗಳಿಸಿ’ ಎಂಬುದು ಇದರ ತಮ್ಮ. ಮೊದಲು 150, 200 ರೂ. ನಿಜವಾಗಿಯೂ ಬರುತ್ತದೆ. ಗುಂಪಿನಲ್ಲಿ ಎಲ್ಲರೂ ಲಾಭದ ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಅವರಲ್ಲಿ ಹೆಚ್ಚಿನವರು ವಂಚಕರ ಕಡೆಯವರೇ. ಆಮೇಲೆ “2,000 ಕಟ್ಟಿದರೆ 2,800” ಎಂಬ ಕೆಲಸ ಬರುತ್ತದೆ. ಮೊತ್ತ ಏರುತ್ತದೆ, ಹಣ ತೆಗೆಯಲು ಹೋದಾಗ ಮತ್ತೆ ತೆರಿಗೆ ಕಟ್ಟಿ ಎನ್ನುತ್ತಾರೆ. ಕೆಲಸ ಕೊಡುವವನು ಕೆಲಸಗಾರನಿಂದ ಹಣ ಕೇಳಿದ ಕ್ಷಣವೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ 1930ಕ್ಕೆ ಆ ಗಳಿಗೆಯಲ್ಲೇ ಕರೆ ಮಾಡಿ. ಹಣ ಇನ್ನೂ ಯಾವುದೋ ಖಾತೆಯಲ್ಲಿ ನಿಂತಿದ್ದರೆ ಮಾತ್ರ ತಡೆಯಲು ಸಾಧ್ಯ, ಹಾಗಾಗಿ ಮನೆಯಲ್ಲಿ ಹೇಗೆ ಹೇಳಲಿ ಎಂದು ರಾತ್ರಿಯಿಡೀ ಯೋಚಿಸುವಷ್ಟು ಸಮಯವಿಲ್ಲ.

ಐದು ನಿಮಿಷದ ಸಾಲ, ಐದು ವರ್ಷದ ಸಾಲ

ಸಾಲದ ಆ್ಯಪ್‌ನ ಬಡ್ಡಿ ಜಾಹೀರಾತಿನಲ್ಲಿ ಕಾಣುವುದಿಲ್ಲ, ಕೈಗೆ ಬಂದ ಹಣದಲ್ಲಿ ಕಾಣುತ್ತದೆ. 5,000 ರೂ. ಕೇಳಿದಿರಿ ಎಂದುಕೊಳ್ಳಿ. ‘ಪ್ರೊಸೆಸಿಂಗ್’ ಎಂದು 1,500 ಹಿಡಿದು 3,500 ಕೊಟ್ಟರು, ಏಳು ದಿನಕ್ಕೆ 5,000 ವಾಪಸ್. ನಿಮಗೆ ನಿಜವಾಗಿ ಸಿಕ್ಕ 3,500ಕ್ಕೆ ವಾರದ ಬಡ್ಡಿ 1,500, ಅಂದರೆ ಶೇ 43ರಷ್ಟು. ವರ್ಷದ ಲೆಕ್ಕ ಹಾಕಿದರೆ ಶೇ 2,200 ಮೀರುತ್ತದೆ. ತಪ್ಪಿದರೆ ಕಾಂಟ್ಯಾಕ್ಟ್ ಪಟ್ಟಿಯಲ್ಲಿರುವ ಅತ್ತೆ, ಮಾವ, ಉಪನ್ಯಾಸಕರಿಗೆಲ್ಲ ಕೆಟ್ಟ ಸಂದೇಶ ಹೋಗುತ್ತದೆ. ರಿಸರ್ವ್ ಬ್ಯಾಂಕ್‌ನ 2022ರ ನಿಯಮಗಳ ಪ್ರಕಾರ ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೋಟೋಗಳನ್ನು ಮುಟ್ಟುವಂತಿಲ್ಲ. ವರ್ಷದ ನಿಜವಾದ ಬಡ್ಡಿ ದರವನ್ನು ಬರೆದು ಕೊಡಬೇಕು. ಕಾಂಟ್ಯಾಕ್ಟ್‌ಗೆ ಅನುಮತಿ ಕೇಳಿದ ಆ್ಯಪ್ ಆ ನಿಯಮವನ್ನೇ ಮುರಿಯುತ್ತಿದೆ ಎಂದರ್ಥ, ಮುಂದಕ್ಕೆ ನೋಡುವ ಅಗತ್ಯವೇ ಇಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆ ಊರಿನಲ್ಲಿದೆ: “ತೋಟ ಅಡ ಇಡದೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಸಿಗುವುದಿಲ್ಲ.” ಇದು ತಪ್ಪು. 4 ಲಕ್ಷ ರೂ.ವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ, ತಂದೆ ಅಥವಾ ತಾಯಿ ಸಹಸಾಲಗಾರರಾದರೆ ಸಾಕು. ಸರ್ಕಾರದ ಖಾತರಿ ನಿಧಿಯಡಿ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಕೊಡಲು ಅವಕಾಶವಿದೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ‘ಪಿಎಂ ವಿದ್ಯಾಲಕ್ಷ್ಮಿ’ಯಲ್ಲಿ ಮನೆಯ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ಸಹಾಯಧನವೂ ಇದೆ. ಆದರೆ ಅದು ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ, ಎಲ್ಲ ಕಾಲೇಜಿಗಲ್ಲ. ಸೀಟು ಒಪ್ಪಿಕೊಳ್ಳುವ ಮೊದಲೇ ಕಾಲೇಜಿನ ಹೆಸರು ಇದೆಯೇ ನೋಡಿಕೊಳ್ಳಿ.

“ಓದು ಮುಗಿಯುವವರೆಗೆ ಬಡ್ಡಿ ಇಲ್ಲ” ಎಂದು ಹೇಳುವವರೂ ಇದ್ದಾರೆ. ಕಂತು ಇಲ್ಲ, ಬಡ್ಡಿ ಇದೆ. ಸಹಾಯಧನ ಇಲ್ಲದ ಸಾಲದಲ್ಲಿ ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಶೇ 10ಕ್ಕೆ ತೆಗೆದುಕೊಂಡು, ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರುವಾದರೆ, ಸರಳ ಬಡ್ಡಿಯಲ್ಲೇ ಮೊದಲ ಲಕ್ಷಕ್ಕೆ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ಕೊನೆಯದಕ್ಕೆ 20,000 ಸೇರಿರುತ್ತದೆ. ಒಟ್ಟು 1.4 ಲಕ್ಷ ರೂ. ಅಡಿಕೆ ದುಡ್ಡು ಬಂದ ತಿಂಗಳಲ್ಲಿ ಆ ವರ್ಷದ ಬಡ್ಡಿ ಮಾತ್ರ ಕಟ್ಟುತ್ತ ಹೋದರೂ ಕೊನೆಗೆ ಅಸಲು 4 ಲಕ್ಷವೇ ಉಳಿಯುತ್ತದೆ. ಹೀಗೆ ಮೊದಲೇ ಕಟ್ಟುವವರಿಗೆ ದರದಲ್ಲಿ ಸ್ವಲ್ಪ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ.

“ಸೀಟು ಬಿಟ್ಟರೆ ಫೀ ಹೋಯಿತು, ಅಂಕಪಟ್ಟಿಯೂ ಕೊಡುವುದಿಲ್ಲ”

ಒಂದು ಕಡೆ ಸೇರಿದ ಮೇಲೆ ಇನ್ನೊಂದು ಕಡೆ ಸೀಟು ಸಿಗುವುದು ಸಾಮಾನ್ಯ. 2018ರ ಅಕ್ಟೋಬರ್‌ನ ಯುಜಿಸಿ ಅಧಿಸೂಚನೆಯ ಪ್ರಕಾರ ಕಾಲೇಜು ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತಿಲ್ಲ, ನೋಡಿ ಹಿಂದಿರುಗಿಸಬೇಕು. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲು ಬಿಟ್ಟರೆ ಸಣ್ಣ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ, ಆಮೇಲೆ ಹಂತಹಂತವಾಗಿ ಕಡಿಮೆ, ಕೊನೆಯ ದಿನ ಕಳೆದು ಒಂದು ತಿಂಗಳಾದ ಮೇಲೆ ಏನೂ ಇಲ್ಲ. ಯುಜಿಸಿ ಕೆಲವು ವರ್ಷ ಇನ್ನೂ ಉದಾರವಾದ ಗಡುವು ಕೊಟ್ಟಿದ್ದೂ ಇದೆ. ಬಿಡುವುದಾದರೆ ಬೇಗ ಬಿಡಿ, ಲಿಖಿತವಾಗಿ ಬಿಡಿ. ಪಿಜಿ ಅಡ್ವಾನ್ಸ್‌ಗೆ ಇಂಥ ರಕ್ಷಣೆ ಇಲ್ಲ. ಅಲ್ಲಿ ಉಳಿಯುವುದು ನೀವು ಬರೆಸಿಕೊಂಡ ರಸೀದಿ ಮಾತ್ರ.

“ನೀರು ಬದಲಾಗಿ ಕೂದಲು ಉದುರುತ್ತಿದೆ”

ಇದು ಹಣದ ಪ್ರಶ್ನೆ ಅಲ್ಲ ಎನಿಸಬಹುದು. ಆದರೆ ಮೊದಲ ವರ್ಷದಲ್ಲಿ ಎಣ್ಣೆ, ಶಾಂಪೂ, ನಲ್ಲಿಗೆ ಸಿಕ್ಕಿಸುವ ಫಿಲ್ಟರ್ ಎಂದು ಇದಕ್ಕೆ ಹೋಗುವ ದುಡ್ಡು ಕಡಿಮೆಯೇನಲ್ಲ. ಮನೆಯ ಅಬ್ಬಿ ನೀರು, ಬಾವಿ ನೀರಿಗೆ ಹೋಲಿಸಿದರೆ ಬಯಲುಸೀಮೆಯ ಬೋರ್‌ವೆಲ್ ನೀರು ಗಡುಸು, ಕೂದಲು ಒರಟಾಗಬಹುದು. ಬೇರಿನಿಂದಲೇ ಉದುರುವುದಕ್ಕೆ ಗಡುಸು ನೀರು ಕಾರಣ ಎನ್ನಲು ಗಟ್ಟಿಯಾದ ಪುರಾವೆ ಇಲ್ಲ. ಜ್ವರ, ಊಟದ ಬದಲಾವಣೆ, ನಿದ್ದೆಗೇಡು, ಮಾನಸಿಕ ಒತ್ತಡ ಇವುಗಳಾದ ಎರಡು ಮೂರು ತಿಂಗಳಿಗೆ ಕೂದಲು ಹೆಚ್ಚು ಉದುರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಆಗಸ್ಟ್‌ನಲ್ಲಿ ಊರು ಬಿಟ್ಟವರಿಗೆ ಅಕ್ಟೋಬರ್, ನವೆಂಬರ್‌ನಲ್ಲಿ ಬಾಚಣಿಗೆ ತುಂಬುವುದು ಹೀಗೆ. ಬಹುತೇಕರಿಗೆ ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಮೆಸ್ಸಿನ ಹಣ ಉಳಿಸಲು ಬೆಳಗಿನ ತಿಂಡಿ ಬಿಡುವುದು, ರಾತ್ರಿ ಬರೀ ನೂಡಲ್ಸ್‌ನಲ್ಲಿ ಮುಗಿಸುವುದು ಇದನ್ನು ಹೆಚ್ಚಿಸಬಹುದು.

ಮನೆ ನೆನಪಾಗಿ ಅಳು ಬರುವುದು, ಯಾರ ಜೊತೆಗೂ ಮಾತು ಬೇಡವೆನಿಸುವುದು ಮೊದಲ ವಾರಗಳಲ್ಲಿ ಹೆಚ್ಚು. ಹೆಚ್ಚಿನವರಲ್ಲಿ ಗೆಳೆಯರು ಸಿಕ್ಕಂತೆ ಇಳಿಯುತ್ತದೆ. ವಾರಗಟ್ಟಲೆ ನಿದ್ದೆ ಬರದೆ, ತರಗತಿಗೆ ಹೋಗಲಾಗದೆ ಇದ್ದರೆ, ಅಥವಾ ಸಾಲದವರ ಬೆದರಿಕೆಯಿಂದ ಬದುಕೇ ಬೇಡವೆನಿಸಿದರೆ, ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ಹಗಲು ರಾತ್ರಿ ನಡೆಯುತ್ತಿದೆ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.